ಲೈಬ್ರರಿಯಲ್ಲಿ ಸಮಕಾಲೀನ ನೃತ್ಯ: ಪ್ರದರ್ಶನ ಸರಿ, ಆಮೇಲಿನ ಮಾತುಕತೆ ಹೇಗೆ ನಡೆಸುವುದು?

ಕುಡ್ಲದ ಓದುಗಿ
ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕು. ನಮ್ಮ ಕಡೆಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಮೊನ್ನೆ ಸಮಕಾಲೀನ ನೃತ್ಯದ ಕಾರ್ಯಕ್ರಮ ಇಟ್ಟಿದ್ದರು. ಹೆಸರು ಬೇಡ. ಮೇಲಿನ ಮಹಡಿಯ ಓದುವ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಇಬ್ಬರೇ ಕಲಾವಿದರು. ಮೇಕಪ್ ಇಲ್ಲ, ಗೆಜ್ಜೆ ಇಲ್ಲ. ಒಬ್ಬಳು ಎರಡು ಸ್ಟೀಲ್ ರ‍್ಯಾಕ್‌ಗಳ ನಡುವೆ ನಿಧಾನವಾಗಿ ನಡೆಯುತ್ತಾ ಪುಸ್ತಕಗಳ ಬೆನ್ನಿನ ಮೇಲೆ ಅಂಗೈ ಎಳೆದಳು. ಆಮೇಲೆ ಕೈಯನ್ನು ಎದೆಗೆ ಒತ್ತಿಕೊಂಡಳು. ಬಿಳಿ ಕುರ್ತಾದ ಮೇಲೆ ಐದು ಬೆರಳಿನ ಧೂಳು ಹಾಗೆಯೇ ಅಚ್ಚಾಯಿತು. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು "ಅಯ್ಯೋ" ಅಂದರು. ಅಷ್ಟು ಹತ್ತಿರ ಇತ್ತು.

ಸಮಸ್ಯೆ ಶುರುವಾದದ್ದು ಆಮೇಲೆ. "ಈಗ ಚರ್ಚೆ" ಎಂದು ಮೈಕ್ ಕೊಟ್ಟರು. ಮೊದಲ ಪ್ರಶ್ನೆಯೇ "ಇದರ ಕಥೆ ಏನು?" ಕಲಾವಿದೆ "ಕಥೆ ಇಲ್ಲ" ಎಂದರು. ಎಲ್ಲರೂ ಗಪ್‌ಚುಪ್. ಹಿರಿಯರೊಬ್ಬರು ಎದ್ದು ನಾಟ್ಯಶಾಸ್ತ್ರದ ಬಗ್ಗೆ ಉದ್ದ ಭಾಷಣ ಮಾಡಿದರು. ನಂತರ ಧನ್ಯವಾದ ಸಮರ್ಪಣೆ, ಮುಗಿಯಿತು. ಆದರೆ ಕೆಳಗೆ ಚಹಾ ಕುಡಿಯುವಾಗ ಅದೇ ಜನ ಎಷ್ಟು ಚೆನ್ನಾಗಿ ಮಾತಾಡಿದರು ಗೊತ್ತಾ! ಆ ಮಾತು ಮೇಲೆ ಯಾಕೆ ಬರಲಿಲ್ಲ? ಇನ್ನೊಂದು ಕಾರ್ಯಕ್ರಮಕ್ಕೆ ಅಲ್ಲಿನ ಅಧಿಕಾರಿಗಳು ಒಪ್ಪಿದ್ದಾರೆ. ಮಾತುಕತೆಯ ಜವಾಬ್ದಾರಿ ನಮ್ಮ ಓದುಗರ ಗುಂಪಿನದ್ದು. ಹೇಗೆ ಮಾಡೋಣ?

ಉರ್ವದ ರಾವ್
ಮೊದಲು ಮೂಲ ಪ್ರಶ್ನೆ ಕೇಳುತ್ತೇನೆ. ಲೈಬ್ರರಿಯಲ್ಲಿ ಡ್ಯಾನ್ಸ್ ಯಾಕೆ? ಮಂಗಳೂರಿನಲ್ಲಿ ಟೌನ್‌ಹಾಲ್ ಉಂಟು, ಡಾನ್ ಬಾಸ್ಕೊ ಹಾಲ್ ಉಂಟು. ಉಡುಪಿಯಲ್ಲಿ ರಾಜಾಂಗಣ ಉಂಟು. ಓದುವ ಜಾಗ ಇರುವುದೇ ಸ್ವಲ್ಪ. ಅದನ್ನೂ ಸಭಾಂಗಣ ಮಾಡಬೇಕಾ?

ಕೆಎಎಸ್ ಕನಸು
ರಾವ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಲೈಬ್ರರಿ ಮೆಟ್ಟಿಲ ಮೇಲೆ ಇರುತ್ತೇನೆ. ಪಿಜಿಯಲ್ಲಿ ಒಂದು ರೂಮಿಗೆ ನಾಲ್ಕು ಜನ. ಅಲ್ಲಿ ಓದಲು ಆಗುವುದಿಲ್ಲ. ಖಾಸಗಿ ಸ್ಟಡಿ ಸೆಂಟರ್‌ಗೆ ತಿಂಗಳಿಗೆ ದುಡ್ಡು ಕಟ್ಟುವ ಶಕ್ತಿ ಇಲ್ಲ. ಕಾರ್ಯಕ್ರಮದ ದಿನ ಮಧ್ಯಾಹ್ನದಿಂದಲೇ ಸೌಂಡ್ ಚೆಕ್. ನಾವು ಹತ್ತಿಪ್ಪತ್ತು ಜನ ಪುಸ್ತಕ ಎತ್ತಿಕೊಂಡು ಪಾರ್ಕಿಗೆ ಹೋದೆವು. ಒಂದು ನೋಟಿಸ್ ಕೂಡ ಹಾಕಿರಲಿಲ್ಲ. ಕಲೆ ಬೇಡ ಅನ್ನುತ್ತಿಲ್ಲ. ನಮಗೆ ಹೇಳದೆ ನಮ್ಮ ಜಾಗ ತೆಗೆದುಕೊಂಡದ್ದು ಬೇಸರ ತಂದಿದೆ.

ಕುಡ್ಲದ ಓದುಗಿ
@ಕೆಎಎಸ್ ಕನಸು, ನೋಟಿಸ್ ಹಾಕದೇ ಇದ್ದದ್ದು ದೊಡ್ಡ ತಪ್ಪು. ಇದನ್ನು ಮುಂದಿನ ಮೀಟಿಂಗ್‌ನಲ್ಲಿ ಮೊದಲ ವಿಷಯವಾಗಿಯೇ ಎತ್ತುತ್ತೇನೆ.

ನಿವೃತ್ತ ಗ್ರಂಥಪಾಲಕಿ
ರಾವ್ ಅವರೇ, ನಾನು ಜೀವನ ಕಳೆದದ್ದೇ ಈ ಕೆಲಸದಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಗ್ರಂಥಾಲಯ ಅಂದರೆ ಬರೀ ಓದುವ ಕೋಣೆ ಅನ್ನುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ, ನಿಯಮವಲ್ಲ. ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಯುನೆಸ್ಕೊ 1994ರಲ್ಲಿ ಹೊರಡಿಸಿದ ಪ್ರಣಾಳಿಕೆ ಉಂಟು. ಗ್ರಂಥಾಲಯ ಏನೇನು ಮಾಡಬೇಕು ಎಂದು ಅದರಲ್ಲಿ ಪಟ್ಟಿ ಇದೆ. ಎಲ್ಲ ಪ್ರದರ್ಶನ ಕಲೆಗಳ ಪರಿಚಯ ಜನರಿಗೆ ಸಿಗುವಂತೆ ಮಾಡುವುದು ಆ ಪಟ್ಟಿಯಲ್ಲೇ ಇದೆ. ಸಾಕ್ಷರತೆ, ಮಕ್ಕಳ ಓದು, ಇವುಗಳ ಜೊತೆಗೇ.

ಇನ್ನೊಂದು ವಿಷಯ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬುದು. ಕಟ್ಟಡ ದೊಡ್ಡದು ಮಾಡುವುದಷ್ಟೇ ಬೆಳವಣಿಗೆ ಅಂತ ನಾನು ತಿಳಿದಿಲ್ಲ.

ಆದರೆ ಆ ಹುಡುಗ ಹೇಳಿದ ಮಾತು ನನಗೆ ನಾಟಿತು. ಓದುಗರನ್ನು ಎಬ್ಬಿಸಿ ಕಳಿಸುವ ಕಾರ್ಯಕ್ರಮ ಗ್ರಂಥಾಲಯದ ಕಾರ್ಯಕ್ರಮ ಅಲ್ಲವೇ ಅಲ್ಲ.

ಹಂಪನಕಟ್ಟೆ
ರಂಗನಾಥನ್ ಇಲ್ಲಿ ಲೈಬ್ರರಿ ಪಾಠ ಮಾಡಿದ್ದಾ?

ನಿವೃತ್ತ ಗ್ರಂಥಪಾಲಕಿ
ಇಲ್ಲ. ಗಣಿತ. ಇಲ್ಲಿಗೆ ಬಂದದ್ದು 1917ರಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದದ್ದು 1924ರಲ್ಲಿ. ಆ ಸರ್ಕಾರಿ ಕಾಲೇಜೇ ಈಗಿನ ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜು.

ಬಿಜೈ ಬಾಡಿಗೆದಾರ
ದುಡ್ಡು ಎಲ್ಲಿಂದ? ಅದನ್ನು ಯಾರೂ ಮಾತಾಡುತ್ತಿಲ್ಲ.

ನಿವೃತ್ತ ಗ್ರಂಥಪಾಲಕಿ
1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆ ಮಾಲೀಕರ ತೆರಿಗೆ ರಸೀದಿ ನೋಡಿ, ಶೇ. 6 ಎಂದು ಇರುತ್ತದೆ. ಅಂದರೆ ಗ್ರಂಥಾಲಯ ನಡೆಯುವುದು ಊರವರ ದುಡ್ಡಿನಲ್ಲೇ.

ಉರ್ವದ ರಾವ್
ಹಾಗಾದರೆ ಆ ದುಡ್ಡು ಕಟ್ಟುವವನಾಗಿ ಹೇಳುತ್ತೇನೆ: ನನಗೆ ಹೊಸ ಪುಸ್ತಕ ಬೇಕು. ಕನ್ನಡ ವಿಭಾಗದಲ್ಲಿ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಆಗಬೇಕು. ಅದು ಆದ ಮೇಲೆ ಕುಣಿತ. ಅದೂ ಈ ಪಾಶ್ಚಾತ್ಯ ಕುಣಿತ ಬೇಡ. ನಮ್ಮದೇ ಬೇಕಾದಷ್ಟು ಉಂಟು.

ಅರಮಂಡಿ
ರಾವ್ ಸರ್, ನಾನು ಮಕ್ಕಳಿಗೆ ಭರತನಾಟ್ಯ ಕಲಿಸುವವಳು. ಪಾಶ್ಚಾತ್ಯ ಅನ್ನುವ ಮಾತಿಗೆ ಉತ್ತರ ಕೊಡಲೇಬೇಕು.

ಸಮಕಾಲೀನ ನೃತ್ಯ ಅಂದರೆ ಹೊರಗಿನಿಂದ ತಂದದ್ದು ಅನ್ನುವುದು ಪೂರ್ತಿ ಸರಿಯಲ್ಲ. ನರ್ತಕ ಉದಯ ಶಂಕರ್ ಅವರು ರಷ್ಯಾದ ಬ್ಯಾಲೆ ಕಲಾವಿದೆ ಅಣ್ಣಾ ಪಾವ್ಲೊವಾ ಜೊತೆ ಕುಣಿದು ಬಂದವರು. ಆದರೆ 1930ರ ದಶಕದ ಕೊನೆಗೆ ಆಲ್ಮೋರಾದಲ್ಲಿ ಕೇಂದ್ರ ಕಟ್ಟಿದಾಗ ಕಥಕ್ಕಳಿ, ಮಣಿಪುರಿ, ಭರತನಾಟ್ಯದ ಗುರುಗಳನ್ನೇ ಕರೆಸಿದರು. ಸಮಕಾಲೀನ ನರ್ತಕ ಅಸ್ತಾದ್ ದೇಬು ಕಥಕ್ ಮತ್ತು ಕಥಕ್ಕಳಿ ಕಲಿತವರು. ಮಣಿಪುರದ ಡೋಲು ಕಲಾವಿದರ ಜೊತೆ, ಕಿವಿ ಕೇಳದ ಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. 2020ರಲ್ಲಿ ತೀರಿಕೊಂಡರು. ನಮ್ಮ ಬೆಂಗಳೂರಿನ ಅಟ್ಟಕ್ಕಲರಿ ಎಂಬ ಸಮಕಾಲೀನ ನೃತ್ಯ ಸಂಸ್ಥೆ 1992ರಿಂದ ಇದೆ, ಅಲ್ಲಿ ಕೇರಳದ ಸಮರ ಕಲೆ ಕಳರಿಪಯಟ್ಟು ತರಬೇತಿಯ ಭಾಗ.

ಎಲ್ಲಕ್ಕಿಂತ ಮುಖ್ಯವಾಗಿ ನೃತ್ಯ ಸಂಯೋಜಕಿ ಚಂದ್ರಲೇಖಾ. 1928ರಿಂದ 2006ರವರೆಗೆ ಬದುಕಿದ್ದರು. ಭರತನಾಟ್ಯದಲ್ಲಿ ಹೆಸರು ಮಾಡಿ, ಅದನ್ನು ಬಿಟ್ಟು, ಬಹಳ ವರ್ಷಗಳ ನಂತರ 'ಅಂಗಿಕ' ಎಂಬ ಕೃತಿಯೊಂದಿಗೆ 1985ರಲ್ಲಿ ರಂಗಕ್ಕೆ ಮರಳಿದರು. ಭರತನಾಟ್ಯ, ಕಳರಿ, ಯೋಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರು. ಆಭರಣ ಇಲ್ಲ, ದೇವರ ಕಥೆ ಇಲ್ಲ. ಅವರ 'ಲೀಲಾವತಿ' ಭಾಸ್ಕರಾಚಾರ್ಯರ ಗಣಿತ ಗ್ರಂಥದ ಮೇಲೆ ಕಟ್ಟಿದ ನೃತ್ಯ. ಗಣಿತದ ಪುಸ್ತಕ! ಅದು ಲೈಬ್ರರಿಯಲ್ಲಿ ಅಲ್ಲದೆ ಬೇರೆಲ್ಲಿ ಆಗಬೇಕು ಹೇಳಿ.

ಕೆಎಎಸ್ ಕನಸು
ಲೀಲಾವತಿ ನಮ್ಮ ಸಿಲೆಬಸ್‌ನಲ್ಲಿ ಒಂದು ಸಾಲು ಬರುತ್ತದೆ. ಕರ್ತೃ ಭಾಸ್ಕರ, 12ನೇ ಶತಮಾನ. ಅದನ್ನು ಕುಣಿದಿದ್ದಾರೆ ಅಂತ ಗೊತ್ತೇ ಇರಲಿಲ್ಲ. ಗಣಿತವನ್ನು ಹೇಗೆ ಕುಣಿಯುತ್ತಾರೆ?

ಅರಮಂಡಿ
ಲೀಲಾವತಿಯಲ್ಲಿ ಲೆಕ್ಕಗಳೆಲ್ಲ ಪದ್ಯದಲ್ಲಿ ಇವೆ. ಹಂಸಗಳು, ಜೇನುಹುಳಗಳು, ಸರೋವರದ ತಾವರೆ, ಹಾವು ಮತ್ತು ನವಿಲು, ಹೀಗೆ. ಇಷ್ಟು ಭಾಗ ಹೂವಿಗೆ ಹೋಯಿತು, ಇಷ್ಟು ಉಳಿಯಿತು, ಒಟ್ಟು ಎಷ್ಟು ಅಂತ ಕೇಳುತ್ತಾರೆ. ನಮ್ಮ ಅಡವುಗಳಿಗೂ, ಅಂದರೆ ಭರತನಾಟ್ಯದ ಮೂಲ ಹೆಜ್ಜೆಗಳಿಗೂ, ಎಣಿಕೆಯೇ ಆಧಾರ. ನೆಲಕ್ಕೆ ಕಾಲು ತಟ್ಟುವ ತಟ್ಟಡವನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಮಾಡುವ ಮಗುವಿಗೆ ದುಪ್ಪಟ್ಟು ಅಂದರೆ ಏನು ಅಂತ ಕಾಲಿಗೇ ಗೊತ್ತಿರುತ್ತದೆ.

ಚೆಂಡೆ ಪೆಟ್ಟು
ಇಷ್ಟೆಲ್ಲ ದೂರ ಯಾಕೆ ಹೋಗಬೇಕು? ನಮ್ಮ ಶಿವರಾಮ ಕಾರಂತರನ್ನು ಮರೆತೇ ಬಿಟ್ಟಿರಾ? ಯಕ್ಷಗಾನದಿಂದ ಮಾತು ತೆಗೆದರು, ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿದರು, ವಯಲಿನ್ ಮತ್ತು ಸ್ಯಾಕ್ಸೋಫೋನ್ ಸೇರಿಸಿದರು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಶುರುವಾದದ್ದರ ಹಿಂದೆಯೂ ಅವರು ಇದ್ದರು, ಪ್ರಿನ್ಸಿಪಾಲ್ ಕು. ಶಿ. ಹರಿದಾಸ ಭಟ್ಟರ ಜೊತೆಗೆ. ಆ ಕಾಲಕ್ಕೆ ಅದು ಸಮಕಾಲೀನ ನೃತ್ಯವೇ. ಎಷ್ಟು ಜನ ಬೈದರು! ಮಾತಿಲ್ಲದ ಯಕ್ಷಗಾನ ಯಕ್ಷಗಾನವೇ ಅಲ್ಲ ಅಂದರು. ನನ್ನ ಅಪ್ಪನೂ ಬೈದವರೇ. ಆದರೆ ಬೈದವರೆಲ್ಲ ಕೂತು ನೋಡಿದ್ದರು, ಯಾವ ಹೆಜ್ಜೆ ತೆಗೆದರು, ಯಾವುದನ್ನು ಉಳಿಸಿದರು ಅಂತ ಬೆರಳಿಟ್ಟು ಹೇಳುತ್ತಿದ್ದರು.

ಓದುಗಿ ಅವರೇ, ಅದೇ ನಿಮಗೆ ಉತ್ತರ. ನಮ್ಮ ಜನಕ್ಕೆ ಮಾತಾಡಲು ಬರುವುದಿಲ್ಲ ಅಂತಲ್ಲ. ಆಟ ಮುಗಿಸಿ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಕೇಳಿ. ಇಂಥವರ ದಿಗಿಣದ ಜಿಗಿತ ಮೊದಲಿನಷ್ಟು ಎತ್ತರ ಇಲ್ಲ, ಇಂಥವರ ಪ್ರವೇಶದಲ್ಲಿ ಗತ್ತು ಸಾಲದು, ಭಾಗವತರು ಆ ಪದ್ಯ ಎಳೆದರು. ಇದಕ್ಕಿಂತ ಒಳ್ಳೆಯ ನೃತ್ಯ ವಿಮರ್ಶೆ ಯಾವ ಪತ್ರಿಕೆಯಲ್ಲಿ ಬರುತ್ತದೆ? ಜೊತೆಗೆ ತಾಳಮದ್ದಳೆ ಉಂಟು, ವೇಷ ಕುಣಿತ ಇಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ. ಕೂತು ವಾದ ಮಾಡುವುದೇ ಒಂದು ಕಲೆ ಆಗಿರುವ ಊರು ನಮ್ಮದು.

ಅಜ್ಜರಕಾಡು
ಸಣ್ಣ ತಿದ್ದುಪಡಿ. ತಾಳಮದ್ದಳೆಯಲ್ಲಿ ವಾದ ಮಾಡುವುದು ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತಾಡುವ ಕಲಾವಿದರು. ಪ್ರೇಕ್ಷಕ ಅಲ್ಲ. ನಾವು ಕೇಳುವವರು ಮಾತ್ರ. ಆದ್ದರಿಂದ ನಮ್ಮವರಿಗೆ ಕಲಾವಿದರ ಎದುರೇ ಮೈಕ್ ಹಿಡಿದು ಮಾತಾಡುವ ಅಭ್ಯಾಸ ಇಲ್ಲ. ಬಸ್ಸಿನಲ್ಲಿ ಮಾತಾಡುತ್ತೇವೆ, ಚಹಾ ಅಂಗಡಿಯಲ್ಲಿ ಮಾತಾಡುತ್ತೇವೆ. ಕಲಾವಿದರು ಬಂದರೆ "ಚಂದ ಆಯ್ತು" ಅಂತ ಹೇಳಿ ಸುಮ್ನಾಗುತ್ತೇವೆ. ಅದು ಮರ್ಯಾದೆ ಅಂತ ಬೆಳೆದು ಬಂದದ್ದು.

ಚೆಂಡೆ ಪೆಟ್ಟು
ಈ ಮಾತು ಒಪ್ಪಬೇಕಾದ್ದೇ.

ಪಡುಬಿದ್ರಿ ಗಾಳಿ
ಹಾಗಾದರೆ ಮೈಕ್ ತೆಗೆಯಿರಿ. ಚಹಾ ಮೊದಲು ಕೊಡಿ. ಕಲಾವಿದರೂ ಅಲ್ಲೇ ಕೆಳಗೆ ಕೂರಲಿ. ಬನ್ಸ್ ಇದ್ದರೆ ಇನ್ನೂ ಒಳ್ಳೆಯದು 😊

ಜೆರ್ಸಿಯ ಕುಂದಾಪ್ರದವ
ನಾನು ಕೆಲಸಕ್ಕೆ ಅಂತ ಅಮೆರಿಕಕ್ಕೆ ಬಂದವನು. ಇಲ್ಲಿನ ಅನುಭವ ಹೇಳುತ್ತೇನೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಲಿಂಕನ್ ಸೆಂಟರ್‌ನಲ್ಲಿ ಪ್ರದರ್ಶನ ಕಲೆಗಳಿಗೆ ಅಂತಲೇ ಒಂದು ಶಾಖೆ ಉಂಟು. ಅದರ ನೃತ್ಯ ವಿಭಾಗ ಶುರುವಾದದ್ದು 1944ರಲ್ಲಿ, ಈಗ ಜೆರೋಮ್ ರಾಬಿನ್ಸ್ ಎಂಬ ನೃತ್ಯ ಸಂಯೋಜಕರ ಹೆಸರಿದೆ. ಪುಸ್ತಕ ಮಾತ್ರ ಅಲ್ಲ. ಫಿಲ್ಮು, ಫೋಟೋ, ಪತ್ರ, ನೃತ್ಯ ಸಂಯೋಜಕರ ಕೈಬರಹದ ನೋಟ್ಸು ಎಲ್ಲ ಇಟ್ಟಿದ್ದಾರೆ. ಅಲ್ಲಿನ ಸಣ್ಣ ಸಭಾಂಗಣದಲ್ಲಿ ಪ್ರದರ್ಶನ, ಮಾತುಕತೆ ನಡೆಯುತ್ತದೆ, ಟಿಕೆಟ್ ಇಲ್ಲ. ನನ್ನ ಮಗಳಿಗೆ ಅಲ್ಲಿ ಹಳೆಯ ನೃತ್ಯದ ವಿಡಿಯೊ ಹಾಕಿಸಿ ನೋಡಿದ್ದೇವೆ.

ಮರ್ಸ್ ಕನಿಂಗ್‌ಹ್ಯಾಮ್ ಎಂಬ ದೊಡ್ಡ ಕಲಾವಿದ 1964ರಲ್ಲಿ ವಿಯೆನ್ನಾದಲ್ಲಿ ರಂಗಮಂದಿರ ಬಿಟ್ಟು ಮ್ಯೂಸಿಯಂನಲ್ಲೇ ಪ್ರದರ್ಶನ ಕೊಟ್ಟ. ಅದಕ್ಕೂ ಮೊದಲು 1962ರಲ್ಲಿ ನ್ಯೂಯಾರ್ಕಿನ ಜಡ್ಸನ್ ಎಂಬ ಚರ್ಚಿನಲ್ಲಿ ಕೆಲವು ಯುವಕರು ಸೇರಿ ಓಡುವುದು, ನಡೆಯುವುದು, ಕೂರುವುದು ಇವೂ ನೃತ್ಯವೇ ಅಂತ ತೋರಿಸಿದರು. ಅಲ್ಲಿಂದ ಮೇಲೆ ಜಾಗ ಯಾವುದಾದರೇನು ಎಂಬ ಪ್ರಶ್ನೆಯೇ ಮುಗಿಯಿತು.

ಬಿಜೈ ಬಾಡಿಗೆದಾರ
ನ್ಯೂಯಾರ್ಕಿಗೂ ನಮಗೂ ಎಲ್ಲಿಂದೆಲ್ಲಿಗೆ ಮಾರಾಯ್ರೆ. ನಮ್ಮಲ್ಲಿ ಫ್ಯಾನ್ ರಿಪೇರಿಗೂ ಫೈಲ್ ಓಡಬೇಕು.

ಜೆರ್ಸಿಯ ಕುಂದಾಪ್ರದವ
ಕಟ್ಟಡ ಹೋಲಿಸಲಿಲ್ಲ. ಅಭ್ಯಾಸ ಹೋಲಿಸಿದೆ. ನೃತ್ಯದ ದಾಖಲೆ ಇಡುವುದಕ್ಕೆ ದೊಡ್ಡ ಕಟ್ಟಡ ಬೇಡ. ಪ್ರತಿ ಕಾರ್ಯಕ್ರಮವನ್ನೂ ಮೊಬೈಲ್‌ನಲ್ಲಾದರೂ ಚಿತ್ರೀಕರಿಸಿ, ಮಾತುಕತೆ ಬರೆದಿಟ್ಟು, ಒಂದು ಫೈಲ್ ಮಾಡಿ ಲೈಬ್ರರಿಗೆ ಕೊಡಿ. ಹತ್ತು ವರ್ಷ ಕಳೆದರೆ ಅದೇ ಸಂಗ್ರಹ.

ನಿವೃತ್ತ ಗ್ರಂಥಪಾಲಕಿ
ಇದು ತುಂಬಾ ಒಳ್ಳೆಯ ಸಲಹೆ. ಕಲಾವಿದರಿಂದ ಲಿಖಿತ ಒಪ್ಪಿಗೆ ಮಾತ್ರ ಮರೆಯಬೇಡಿ.

ನಡುರಾತ್ರಿ ನಾಟಕ
ನನ್ನದೊಂದು ಬೇಡಿಕೆ. ಮುಂದಿನ ಸಲ ಭೂತಕೋಲದ ಚಲನೆ ಇಟ್ಟುಕೊಂಡು ಏನಾದರೂ ಮಾಡಿಸಿ. 'ಕಾಂತಾರ' ಸಿನಿಮಾ ಬಂದ ಮೇಲೆ ಹೊರಗಿನವರಿಗೂ ಆಸಕ್ತಿ ಜಾಸ್ತಿ ಆಗಿದೆ. ಹಾಲ್ ತುಂಬುತ್ತದೆ.

ಗುತ್ತಿನ ಮನೆ
ದಯವಿಟ್ಟು ಬೇಡ. ದೈವ ನಮಗೆ ನಂಬಿಕೆ. ಪ್ರದರ್ಶನ ಅಲ್ಲ. ವೇಷ ಕಟ್ಟಿ ವೇದಿಕೆಯಲ್ಲಿ ಕುಣಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಡುರಾತ್ರಿ ನಾಟಕ
ವೇಷ ಕಟ್ಟಲು ಹೇಳಲಿಲ್ಲವಲ್ಲ. ಹೆಜ್ಜೆ, ತಿರುವು, ಆ ವೇಗ, ಅದರ ಬಗ್ಗೆ ಮಾತ್ರ.

ಗುತ್ತಿನ ಮನೆ
ಆ ಹೆಜ್ಜೆಯೂ ಯಾರದ್ದೋ ಅಲ್ವಾ? ನಲಿಕೆ, ಪಂಬದ, ಪರವ ಸಮುದಾಯದವರು ವ್ರತ ಹಿಡಿದು, ನಿಯಮ ಪಾಲಿಸಿ ಮಾಡುವ ಸೇವೆ ಅದು. ಅವರನ್ನು ಕೇಳಿದ್ದೀರಾ?

ಅರಮಂಡಿ
ಇಬ್ಬರೂ ಸಮಾಧಾನ. ನನ್ನ ಮಟ್ಟಿಗೆ ಕುಣಿತಕ್ಕಿಂತ ಮೊದಲು ಮಾತುಕತೆ ಆಗಬೇಕಾದ ವಿಷಯ ಇದೇ. ದೈವ ಕಟ್ಟುವ ಹಿರಿಯರೊಬ್ಬರು ಒಪ್ಪಿದರೆ ಅವರನ್ನೇ ಕರೆದು ಗೌರವದಿಂದ ಕೂರಿಸಿ, ಯಾವುದನ್ನು ಹೊರಗೆ ತೋರಿಸಬಹುದು, ಯಾವುದನ್ನು ಕೂಡದು ಅಂತ ಕೇಳೋಣ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಪಿಲಿವೇಷದ (ಹುಲಿವೇಷದ) ಬಗ್ಗೆ ಬೇಕಾದರೆ ಬೇರೆ ಮಾತಾಡಬಹುದು, ಅದು ಬೀದಿಯಲ್ಲೇ ಎಲ್ಲರ ಎದುರು ನಡೆಯುವುದು.

ಗುತ್ತಿನ ಮನೆ
ಹೀಗಾದರೆ ನಾನೂ ಬರುತ್ತೇನೆ.

ಬರಿಗಾಲು
ನಾನು ಸಮಕಾಲೀನ ನೃತ್ಯ ಮಾಡುವವನು. ಬೇರೆ ತಂಡ, ಓದುಗಿ ಅವರು ನೋಡಿದ ತಂಡ ಅಲ್ಲ. ಯಾರೂ ಎತ್ತದ ವಿಷಯ ಒಂದಿದೆ: ನೆಲ.

ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಸಿಮೆಂಟಿನ ಮೇಲೆ ಅಂಟಿಸಿದ ಟೈಲ್ಸ್. ಅದರ ಮೇಲೆ ಜಿಗಿದರೆ ಪೆಟ್ಟು ನೇರ ಮೊಣಕಾಲಿಗೆ, ಕಣಕಾಲಿನ ಮೂಳೆಗೆ. ನೃತ್ಯಕ್ಕೆ ಅಂತ ಮಾಡುವ ನೆಲದಲ್ಲಿ ಮರದ ಹಲಗೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ, ಹಾಗಾಗಿ ಅದು ಬಾಗುತ್ತದೆ. ಮೇಲೆ ವಿನೈಲ್ ಮ್ಯಾಟ್ ಹಾಸುತ್ತಾರೆ. ಆದರೆ ಬರೀ ಮ್ಯಾಟ್ ಹಾಸಿದರೆ ಜಾರುವುದು ತಪ್ಪುತ್ತದೆ, ಪೆಟ್ಟು ತಪ್ಪುವುದಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೊಂದು ಕಷ್ಟ. ಮಳೆಗಾಲದಲ್ಲಿ ಟೈಲ್ಸ್ ಬೆವರುತ್ತದೆ. ಬೆಳಿಗ್ಗೆ ಒರೆಸಿದರೂ ಸಂಜೆಗೆ ಮತ್ತೆ ನೀರು. ಒಮ್ಮೆ ನನ್ನ ಸಹ ಕಲಾವಿದ ಅಂಥ ನೆಲದಲ್ಲಿ ಜಾರಿ ಕೈ ಮುರಿದುಕೊಂಡ. ಸಂಘಟಕರು ಆಸ್ಪತ್ರೆ ಖರ್ಚಿಗೂ ಬರಲಿಲ್ಲ.

ಆದ್ದರಿಂದ ಲೈಬ್ರರಿಗೆ ಕರೆಯುವಾಗ ಕಲಾವಿದರಿಗೆ ನೆಲದ ಫೋಟೋ ಮೊದಲೇ ಕಳಿಸಿ. ಜಿಗಿತ ಇಲ್ಲದ ಕೆಲಸ ಬೇಕಾದಷ್ಟಿದೆ, ಅಂಥದ್ದನ್ನು ಆರಿಸುತ್ತೇವೆ. ಸಂಭಾವನೆ ಕೊಡಿ. ಚಿಕ್ಕ ಮೊತ್ತವಾದರೂ ಸರಿ, "ನಿಮಗೆ ವೇದಿಕೆ ಕೊಟ್ಟಿದ್ದೇವೆ" ಅನ್ನುವ ಮಾತು ಮಾತ್ರ ಬೇಡ.

ಕುಡ್ಲದ ಓದುಗಿ
ಇದು ಯಾರೂ ನಮಗೆ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಸಂಭಾವನೆಗೆ ಗುಂಪಿನಲ್ಲಿ ವಂತಿಗೆ ಎತ್ತುತ್ತೇವೆ.

ಬರಿಗಾಲು
ಮಾತುಕತೆಯ ಬಗ್ಗೆಯೂ ಹೇಳುತ್ತೇನೆ. ಲಿಜ್ ಲರ್ಮನ್ ಎಂಬ ಅಮೆರಿಕದ ನೃತ್ಯ ಸಂಯೋಜಕಿ 1990ರ ಹೊತ್ತಿಗೆ ಒಂದು ಕ್ರಮ ಮಾಡಿದರು. ಈಗ ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ. ಮೊದಲು ನೋಡಿದವರು ತಮಗೆ ನೆನಪಿನಲ್ಲಿ ಉಳಿದದ್ದು ಏನು, ತಟ್ಟಿದ್ದು ಏನು ಅಂತ ಹೇಳುತ್ತಾರೆ. ಒಳ್ಳೆಯದು ಕೆಟ್ಟದ್ದು ಅನ್ನುವ ಹಾಗಿಲ್ಲ. ಆಮೇಲೆ ಕಲಾವಿದರೇ ನೋಡಿದವರಿಗೆ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ನೋಡಿದವರು ಪ್ರಶ್ನೆ ಕೇಳುತ್ತಾರೆ, ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ಅಡಗಿಸಿರಬಾರದು. "ಯಾಕೆ ಅಷ್ಟು ಉದ್ದ ಎಳೆದಿರಿ" ಅನ್ನುವ ಬದಲು "ಎಷ್ಟು ಹೊತ್ತು ಅಂತ ಹೇಗೆ ತೀರ್ಮಾನ ಮಾಡುತ್ತೀರಿ" ಅಂತ. ಕೊನೆಗೆ ಅಭಿಪ್ರಾಯ, ಅದೂ "ಇಂಥದ್ದರ ಬಗ್ಗೆ ಹೇಳಬಹುದಾ" ಅಂತ ಕೇಳಿ, ಕಲಾವಿದರು ಹೂಂ ಅಂದ ಮೇಲೆ.

"ಕಥೆ ಏನು" ಅಂತ ಕೇಳಿದವರದ್ದು ತಪ್ಪೇನಿಲ್ಲ. ನಮ್ಮೂರಿನಲ್ಲಿ ಪ್ರಸಂಗ ಇಲ್ಲದ ಕುಣಿತ ಅಪರೂಪ. ಆ ಕಲಾವಿದೆ "ಕಥೆ ಇಲ್ಲ" ಅಂತ ನಿಲ್ಲಿಸುವ ಬದಲು "ನಿಮಗೆ ಏನು ಕಾಣಿಸಿತು" ಅಂತ ಕೇಳಿದ್ದರೆ ಆ ಅಜ್ಜಿಯೇ ಮೊದಲು ಮಾತಾಡುತ್ತಿದ್ದರು.

ಉರ್ವದ ರಾವ್
ಕೇಳಿ ಕೇಳಿ ಅಭಿಪ್ರಾಯ ಹೇಳಬೇಕಾ? ಇಷ್ಟ ಆಗದಿದ್ದರೆ ಆಗಲಿಲ್ಲ ಅಂತ ಹೇಳುವ ಸ್ವಾತಂತ್ರ್ಯ ಬೇಕು.

ಬರಿಗಾಲು
ಖಂಡಿತ ಹೇಳಿ ಸರ್. ಕೊನೆಯ ಹಂತ ಇರುವುದೇ ಅದಕ್ಕೆ. ಅದನ್ನೇ ಮೊದಲು ಹೇಳಿದರೆ ಉಳಿದವರು ಬಾಯಿ ಮುಚ್ಚುತ್ತಾರೆ, ಅಷ್ಟೇ.

ಅಜ್ಜರಕಾಡು
ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾತಾಡಬಹುದು ಅಂತ ಶುರುವಿನಲ್ಲೇ ಹೇಳಿ. ಅರ್ಧ ಸಂಕೋಚ ಅಲ್ಲೇ ಹೋಗುತ್ತದೆ.

ಕೆಎಎಸ್ ಕನಸು
ಒಂದು ಪ್ರಶ್ನೆ ಕೇಳುತ್ತೇನೆ. ಆ ದಿನ ಸಿಟ್ಟಿನಲ್ಲಿ ಹೊರಗೆ ಹೋದವನು ಬ್ಯಾಗ್ ತೆಗೆದುಕೊಳ್ಳಲು ವಾಪಸ್ ಬಂದಾಗ ಬಾಗಿಲಲ್ಲಿ ನಿಂತು ಸ್ವಲ್ಪ ನೋಡಿದೆ. ಇನ್ನೊಬ್ಬ ಕಲಾವಿದ ಮಂಡಿ ಬಗ್ಗಿಸಿ ಅರ್ಧ ಕೂತು ಹಾಗೆಯೇ ಇದ್ದ. ಬಹಳ ಹೊತ್ತು. ತೊಡೆ ನಡುಗುವುದು ಕಾಣುತ್ತಿತ್ತು. ಮುಖದಲ್ಲಿ ಏನೂ ಇಲ್ಲ. ಅದು ಯಾಕೆ? ನನಗೆ ಅದು ಬಿಟ್ಟು ಬೇರೇನೂ ನೆನಪಿಲ್ಲ.

ಅರಮಂಡಿ
ಅದು ಅರಮಂಡಿಯೋ ಮಂಡಲವೋ ಇರಬೇಕು. ಭರತನಾಟ್ಯದಲ್ಲಿ ಅದು ಆರಂಭದ ನಿಲುವು, ಅಲ್ಲಿಂದ ಅಡವು ಹೊರಡುತ್ತದೆ. ನಾವು ಬೇಗ ದಾಟಿ ಹೋಗುತ್ತೇವೆ. ಚಂದ್ರಲೇಖಾ ಅವರ ಕೆಲಸದಲ್ಲಿ ಆ ನಿಲುವಿಗೇ ದೊಡ್ಡ ಜಾಗ ಇತ್ತು. ನಿಲ್ಲುವುದರಲ್ಲೇ ದೇಹ ಏನು ಮಾಡುತ್ತದೆ ಅಂತ ನೋಡುವುದು.

ಬರಿಗಾಲು
ನಡುಕವನ್ನು ಮುಚ್ಚುವುದು ಶಾಸ್ತ್ರೀಯ ತರಬೇತಿ. ಅದನ್ನು ಕಾಣಲು ಬಿಡುವುದು ಅವನ ಆಯ್ಕೆ. ಸುಸ್ತನ್ನು ಅಡಗಿಸದೆ ತೋರಿಸುತ್ತಿದ್ದಾನೆ. ನಾನಾಗಿದ್ದರೆ ನಿಮ್ಮನ್ನೇ ವಾಪಸ್ ಕೇಳುತ್ತಿದ್ದೆ: ನಿಮಗೆ ಅದು ಯಾಕೆ ನೆನಪು ಉಳಿಯಿತು?

ಕೆಎಎಸ್ ಕನಸು
ಗೊತ್ತಿಲ್ಲ ಸರ್. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಕುರ್ಚಿಯಲ್ಲಿ ಕೂರುವವನಿಗೆ ಅದು ಗೊತ್ತಾಗುತ್ತದೆ ಅನ್ನಿಸಿತು. ಎದ್ದು ಹೋಗಬಹುದು, ಆದರೆ ಹೋಗುವುದಿಲ್ಲ.

ಚೆಂಡೆ ಪೆಟ್ಟು
ಇದನ್ನು ಆ ಕಲಾವಿದನಿಗೆ ತಲುಪಿಸಿ ಓದುಗಿ ಅವರೇ. ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ.

ಕುಡ್ಲದ ಓದುಗಿ
ಈಗಲೇ ಕಳಿಸುತ್ತೇನೆ. ಎಲ್ಲರ ಮಾತು ಸೇರಿಸಿ ಹೀಗೆ ಬರೆದುಕೊಂಡಿದ್ದೇನೆ. ದೊಡ್ಡ ಪರೀಕ್ಷೆಗಳ ಹಿಂದಿನ ವಾರಗಳಲ್ಲಿ ಕಾರ್ಯಕ್ರಮ ಬೇಡ. ಹದಿನೈದು ದಿನ ಮೊದಲೇ ಬಾಗಿಲಲ್ಲಿ ನೋಟಿಸ್, ಆ ದಿನ ಓದುಗರಿಗೆ ಬೇರೆ ಕೋಣೆ. ಅಷ್ಟು ಕೋಣೆ ಇಲ್ಲದಿದ್ದರೆ ಓದುವ ಸಮಯ ಮುಗಿದ ಮೇಲೆಯೇ ಪ್ರದರ್ಶನ. ಮೈಕ್ ಇಲ್ಲ, ಕಲಾವಿದರು ಪ್ರೇಕ್ಷಕರ ನಡುವೆ. ರಾವ್ ಸರ್ ಕೇಳಿದ್ದಕ್ಕೆ ಆ ದಿನವೇ ಒಂದು ಮೇಜಿನಲ್ಲಿ ನೃತ್ಯದ ಕನ್ನಡ ಪುಸ್ತಕಗಳನ್ನು ಇಟ್ಟು, ಹರಿದವುಗಳ ಪಟ್ಟಿ ಮಾಡಿ ಬೈಂಡಿಂಗ್‌ಗೆ ಮನವಿ ಕೊಡುತ್ತೇವೆ.

ಉರ್ವದ ರಾವ್
ಪಟ್ಟಿ ಮಾಡಲು ನಾನು ಬರುತ್ತೇನೆ. ಕುಣಿತದ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ. ನೋಡಿ ಆಮೇಲೆ ಮಾತಾಡುತ್ತೇನೆ.

ಬಿಜೈ ಬಾಡಿಗೆದಾರ
ರಾತ್ರಿ ಕೊನೆಯ ಸಿಟಿ ಬಸ್ ಹೋಗುವ ಮೊದಲು ಮುಗಿಸಿ. ಇಲ್ಲದಿದ್ದರೆ ಚರ್ಚೆಗೆ ಯಾರೂ ಉಳಿಯುವುದಿಲ್ಲ.

ಕುಡ್ಲದ ಓದುಗಿ
ಹೌದು, ಅದನ್ನೂ ಸೇರಿಸಿದೆ.

ನಿವೃತ್ತ ಗ್ರಂಥಪಾಲಕಿ
ಓದುಗಿ, ಇದನ್ನೆಲ್ಲ ಬಾಯಲ್ಲಿ ಹೇಳಬೇಡಮ್ಮಾ. ಬಿಳಿ ಹಾಳೆಯಲ್ಲಿ ಬರೆದು, ಹತ್ತಿಪ್ಪತ್ತು ಸದಸ್ಯರ ಸಹಿ ಮಾಡಿಸಿ, ಎರಡು ಪ್ರತಿ ತೆಗೆದುಕೊಂಡು ಹೋಗು. ಒಂದರ ಮೇಲೆ ಸೀಲು ಹಾಕಿಸಿ ವಾಪಸ್ ತಾ. ಪರೀಕ್ಷೆಗೆ ಓದುವ ಮಕ್ಕಳ ಸಹಿ ಮೊದಲು ಇರಲಿ.